ಐದರಲ್ಲಿ ಎಷ್ಟು

ಹಾಸನದ ಪೆನ್ಷನ್ ಮೊಹಲ್ಲಾಕ್ಕೆ, ಪೆನ್ಷನ್ ಇಲ್ಲದ ನನ್ನ ಬಾಗಿಲಿಗೆ
ನರ್ಸಿಂಗ್ ಓದುವ ಹುಡುಗಿ ಬಂದಳು,
ಕೊರಳಲ್ಲಿ ಗುರುತಿನ ಚೀಟಿ, ಕೈಲಿ ನೀಲಿ ಫಾರಮ್ಮು.
'ಅಜ್ಜಿ, ಸಾವು ಅಂದ್ರೆ ಭಯ ಆಗುತ್ತಾ?
ಒಂದರಿಂದ ಐದರೊಳಗೆ ಹೇಳಿ.'

ಮೊದಲು ಹೆಸರು ಬರ್ಕೊಳವ್ವ, ಅಂದೆ. ಜವರಮ್ಮ.
ನನಗಿಂತ ಮುಂಚೆ ಹುಟ್ಟಿದ ಮೂವರನ್ನು
ತೊಟ್ಟಿಲಿಂದಲೇ ಎತ್ತಿಕೊಂಡ ಜವರಾಯನಿಗೆ
ಅವನ ಹೆಸರನ್ನೇ ಲಂಚ ಕೊಟ್ಟು
ನನ್ನನ್ನು ಉಳಿಸಿಕೊಂಡಳು ನಮ್ಮವ್ವ.
ಎಪ್ಪತ್ತೆಂಟು ವರ್ಷ ಆ ಹೆಸರಿಗೆ ಓಗೊಟ್ಟವಳು
ಅವನೇ ಬಂದು ಕೂಗಿದರೆ
ಕಿವಿ ಕೇಳದವಳಂತೆ ಕೂರಲೇ?
ಹುಡುಗಿ ನಕ್ಕು ಒಂದಕ್ಕೆ ಗುರುತು ಹಾಕಿದಳು.

ಅಳಿಸವ್ವ, ಅಳಿಸು.
ಅದು ಹಗಲಿನ ಮಾತು.
ರಾತ್ರಿ ಎರಡೂವರೆಗೆ
ಸ್ಟೇಷನ್ ಕಡೆ ಗೂಡ್ಸ್ ಗಾಡಿ ಕೂಗಿ
ಉಸಿರು ಎದೆಯೊಳಗೆ ಒಂದು ಮೆಟ್ಟಿಲು ತಪ್ಪಿದಾಗ
ದೀಪ ಹಾಕಿ ಕೂರುತ್ತೇನೆ,
ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ.
ಆಗ ಐದು. ನಿನ್ನ ಫಾರಮ್ಮಿನಲ್ಲಿ ಆರು ಇದ್ದರೆ ಆರು.

'ಬದುಕು ತೃಪ್ತಿ ಕೊಟ್ಟಿದೆಯಾ?' ಅದು ಹನ್ನೊಂದನೇ ಪ್ರಶ್ನೆ.

ಮೂವತ್ತೊಂದು ವರ್ಷ ಕ್ಯೂರಿಂಗ್ ವರ್ಕ್ಸಿನ ಕಲ್ಲುನೆಲದ ಮೇಲೆ
ಕಾಫಿ ಬೀಜ ಆರಿಸಿದೆ.
ಕಪ್ಪು ಇತ್ತ, ಒಡಕು ಅತ್ತ, ಹುಳ ತಿಂದದ್ದು ಮಂಡಿಯ ಪಕ್ಕಕ್ಕೆ.
ಒಳ್ಳೆಯದೆಲ್ಲ ಹಡಗು ಹತ್ತಿತು.
ಉಳಿದ ಕಪ್ಪನ್ನು ಹುರಿದು ಕುಡಿದೆವು;
ಅದೂ ಕಾಫಿಯೇ, ಬೆಲ್ಲ ಬಿದ್ದರೆ
ಬೀದಿಯ ಕೊನೆಯವರೆಗೂ ಘಮ.
ಇಷ್ಟಕ್ಕೆ ನಾಲ್ಕು ಕೊಡಬಹುದು.

ಆದರೆ ನನ್ನ ಬೆನ್ನಿಗೆ ಹುಟ್ಟಿದವಳು ಸಾಕಮ್ಮ.
ಹೆಣ್ಣು ಸಾಕು ಎಂದು ಇಟ್ಟ ಹೆಸರು.
ಒಂದು ಜೊತೆ ಓಲೆಗಾಗಿ
ಹದಿನಾಲ್ಕು ವರ್ಷ ಮಾತು ಬಿಟ್ಟೆವು.
ಮಣ್ಣಿಗೆ ಹೋದೆ, ಮಾತಿಗೆ ಹೋಗಲಿಲ್ಲ.
ಅದನ್ನು ಯಾವ ಗುಡ್ಡೆಗೆ ಹಾಕಲಿ? ಇನ್ನೂ ಬೆರಳಲ್ಲೇ ಇದೆ.
ಅದಕ್ಕೇ, ಮಗಳೇ, ಸಾಕು ಅನ್ನುವ ಮಾತು
ನನ್ನ ಬಾಯಿಗೆ ಸುಲಭಕ್ಕೆ ಬರದು.

ಹುಡುಗಿ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ,
ಲೋಟದ ತಳದ ಕಾಫಿ ಕುಡಿದಳು.
ಕೊನೆಗೊಂದು ಖಾಲಿ ಸಾಲು ಉಳಿದಿತ್ತು:
ಬೇರೆ ಏನಾದರೂ ಹೇಳುವುದಿದೆಯೇ.

ಇದೆ.
ಮೂಲೆಯ ಪಾತ್ರೆ ತೋರಿಸಿದೆ.
ಎರಡು ಸೇರು ಅವರೆಕಾಳು ನೆನೆ ಹಾಕಿದ್ದೀನಿ,
ನಾಳೆ ಕೂತು ಒಂದೊಂದೇ ಹಿದುಕಬೇಕು.
ಬರ್ಕೋ.