ಖಾತೆ

ಮಲ್ಪೆಯ ಐಸ್ ಪ್ಲಾಂಟಿನ ಗೋಡೆಗೊರಗಿ
ವಾರಿಜಾ ಕುಂದರ್ ನನ್ನಿಂದ ಪೇಪರು ಓದಿಸಿಕೊಳ್ಳುತ್ತಾಳೆ,
ಕೈಯೆಲ್ಲ ಬಂಗುಡೆಯ ನೆತ್ತರು.

ಮೂವತ್ತನಾಲ್ಕು ಕುರ್ಚಿ. ಜಾತಿಗಿಷ್ಟು, ಜಿಲ್ಲೆಗಿಷ್ಟು,
ಮುನಿಸಿಗೊಂದು.
ಹಣಕಾಸು ಮುಖ್ಯಮಂತ್ರಿ ಬಿಡಲಿಲ್ಲವಂತೆ.
"ಅಂಜಲ್ ಯಾವತ್ತೂ ಧಣಿಗೇ," ಅಂದಳು.

ಮೀನುಗಾರಿಕೆ?
ಪಟ್ಟಿಯ ಕೊನೆಗೆ, ಬಂದರಿನ ಜೊತೆ ಗಂಟುಹಾಕಿ,
ಕಡಲಿಲ್ಲದ ಊರಿನವರಿಗೆ.
ಅವರಿನ್ನೂ ಒಪ್ಪಿಲ್ಲ.

"ಬಲೆಯ ತಳದ ಕಸಮೀನಿಗೂ
ನಾವು ಬೆಲೆ ಕೂಗುತ್ತೇವೆ, ಮಾರಾಯ."

ಅಳಿವೆಯ ಹೂಳಿನ ಕಡತ
ಕಳೆದ ಸಂಪುಟದ ಮುಂದಿತ್ತು,
ಅದರ ಹಿಂದಿನದರ ಮುಂದೆಯೂ.
ಮೊನ್ನೆ ಇಳಿತದಲ್ಲಿ ಅಲ್ಲೇ
ಅವಳ ತಮ್ಮನ ದೋಣಿ ಮಗುಚಿ
ಎಂಜಿನ್ನು ಹೋಯಿತು.

ಐಸಿನ ಹುಡುಗ ಪುಸ್ತಕ ತೆರೆದ:
"ಅಕ್ಕ, ನಿಮ್ಮ ಖಾತೆ ತುಂಬಾ ಬಾಕಿ."
"ಬರೆದುಕೋ. ಎರಡು ಪೆಟ್ಟಿಗೆಗೆ ಐಸ್ ಹಾಕು,
ಬಿಸಿಲು ಏರುತ್ತಿದೆ."