ಅರ್ಕಾವತ್ತು

ಮಾರ್ಕೆಟ್ಟಿನಲ್ಲಿ ಗೂಡಿನ ಹರಾಜು ಮುಗಿದು
ಭಾಯಿ ಲಾಟಿನ ಚೀಟಿಗಳನ್ನು ನನ್ನ ಮುಂದೆ ಸುರಿದು ಹೋದ ಮೇಲೆ
(ಹತ್ತು ಬೇಸಿನ್ನಿನ ಲೆಕ್ಕ ಬರೆಯುವವಳು ನಾನೇ)
ಲ್ಯಾಪ್‌ಟಾಪು ತೆರೆದೆ. ಡಿಸೆಂಬರಿನ ಕೊನೆ.
ಪಟ್ಟಿ ಮಾಡಬೇಕಿತ್ತು.

ಕನ್ನಡದ ಸಾಲು ಎಲ್ಲಿ ಮುರಿಯಬೇಕು, ಎಲ್ಲಿ ಮುರಿಯಬಾರದು,
ಇಷ್ಟೇ ನಮ್ಮ ತಂತ್ರಾಂಶದ ಕೆಲಸ.
ಅಕ್ಕನನ್ನು ಯಂತ್ರ ಸೀಳಿ
ಅಕ್ ಮೇಲೆ, ಕ ಕೆಳಗೆ ಮಾಡದಂತೆ ಕಾಯುವುದು.
ದುಡ್ಡಿಲ್ಲ, ಕಚೇರಿಯಿಲ್ಲ.
ಹನ್ನೊಂದು ಮಂದಿಯ ಹತ್ತಿರ ಬೀಗದ ಕೈ:
ಯಾರನ್ನೂ ಕೇಳದೆ ಒಳಗೆ ಬಂದು
ಗೋಡೆಯ ಇಟ್ಟಿಗೆ ಬದಲಿಸಬಲ್ಲವರು.

ನಿಯಮ ನನ್ನದೇ. ಆರು ವರ್ಷದ ಹಿಂದೆ,
ಒಂದು ರಂಜಾನಿನ ರಾತ್ರಿ, ಸಹರಿಗೆ ಇನ್ನೂ ಹೊತ್ತಿದ್ದಾಗ ಬರೆದದ್ದು:
ಕಮಿಟ್ ಹಕ್ಕು ಅಂದರೆ ಒಲೆಯ ಮುಂದೆ ಕೂರುವ ಸರದಿ.
ಯಾರೇ ತಿದ್ದುಪಡಿ ಕಳಿಸಲಿ, ವಾರದೊಳಗೆ ಒಂದು ಮಾತು ಹೇಳಿ,
ಬೇಡ ಅನ್ನುವುದಾದರೂ ಹೇಳಿ.
ನಿಮ್ಮದನ್ನು ನೀವೇ ಒಪ್ಪಿಕೊಳ್ಳಬೇಡಿ, ಇನ್ನೊಂದು ಕಣ್ಣು ಹಾಯಲಿ.
ಹನ್ನೆರಡು ತಿಂಗಳು ಸುಳಿವಿಲ್ಲದಿದ್ದರೆ
ಕೀಲಿ ವಾಪಸು; ಅದರಲ್ಲಿ ಅವಮಾನವಿಲ್ಲ,
ಕೇಳಿದ ದಿನ ಮತ್ತೆ ಕೊಡುತ್ತೇವೆ.
ಎಲ್ಲರೂ ಹೂಂ ಅಂದಿದ್ದರು.
ಆ ಕೊನೆಯ ಸಾಲಿನ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಆಜ್ಞೆ ಕೊಟ್ಟೆ. ಹೆಸರು ಉದುರಿದವು.
ಗುಡಿಬಂಡೆಯ ಲಕ್ಷ್ಮೀಪತಿ, ಇಪ್ಪತ್ತಾರು ತಿಂಗಳು.
ಕೊನೆಗೆ ಮಾಡಿದ್ದು ಒಂದು ಅಲ್ಪವಿರಾಮ ತೆಗೆದದ್ದು.
ಮಂಚೇನಹಳ್ಳಿಯ ಪದ್ಮಾವತಿ ಟೀಚರು, ಹದಿನೇಳು.
ಚುನಾವಣೆ ಡ್ಯೂಟಿ, ಸಮೀಕ್ಷೆ ಡ್ಯೂಟಿ, ಆಮೇಲೆ ಸುದ್ದಿಯಿಲ್ಲ.
ಮೂರನೆಯದು ಷಮೀಮ್, ಶಿಡ್ಲಘಟ್ಟ.
ಹದಿಮೂರು ತಿಂಗಳು ನಾಲ್ಕು ದಿನ.

ತಪ್ಪಿರಬೇಕೆಂದು ಇನ್ನೊಮ್ಮೆ ಓಡಿಸಿದೆ.
ಯಂತ್ರಕ್ಕೆ ದಾಕ್ಷಿಣ್ಯ ಗೊತ್ತಿಲ್ಲ.
ದಿನಾ ಬಂದು ನೋಡುತ್ತಿದ್ದೆನಲ್ಲ!
ನೋಡುತ್ತಿದ್ದೆ, ಹೌದು. ಶೆಡ್ಡಿನ ಬಾಗಿಲಲ್ಲಿ ನಿಂತ ಯಜಮಾನಿಯ ಹಾಗೆ,
ಒಳಗೆ ಯಾರು ಬೆವರುತ್ತಿದ್ದಾರೆ ಎಂದು.

ಸುಳ್ಳೇಕೆ, ಎರಡು ನಿಮಿಷ ಆಸೆಯಾಯಿತು:
ಎಲ್ಲೋ ಒಂದು ಸ್ಪೇಸು ಸೇರಿಸಿ ಕಮಿಟ್ ಮಾಡಿಬಿಟ್ಟರೆ
ಗಡಿಯಾರ ಮತ್ತೆ ಸೊನ್ನೆಯಿಂದ.
ಕಣ್ಣಿಗೇ ಕಾಣದ ಒಂದು ಖಾಲಿ ಜಾಗ.

ಹಿಂದಿನ ಶೆಡ್ಡಿನಿಂದ ಗೂಡು ಬೇಯುವ ವಾಸನೆ.
ಎಳೆ ಕಡಿದರೆ ನೂಲು ಬಿಚ್ಚುವ ಮಹಬೂಬ್ಬಿ
ಕುದಿನೀರಲ್ಲಿ ಇನ್ನೊಂದು ಗೂಡಿನ ತುದಿ ಹುಡುಕಿ
ಬೆರಳಲ್ಲೇ ಎಸೆಯುತ್ತಾಳೆ, ಅದು ಹೋಗಿ ಅಂಟಿಕೊಳ್ಳುತ್ತದೆ.
ಚರಕ ನಿಲ್ಲುವುದಿಲ್ಲ.
ಕಡಿದುಕೊಂಡ ಗೂಡಿಗೆ ಯಾರೂ ಹೆಸರಿಡುವುದಿಲ್ಲ.

ನನ್ನ ಹೆಸರನ್ನೇ ಮೊದಲು ಅಳಿಸಿದೆ.

ಮರುದಿನ ಹೊರಗಿನವಳಾಗಿ ಒಂದೇ ಸಾಲು ಕಳಿಸಿದೆ,
ಅರ್ಕಾವತ್ತಿನ ಹಳೇ ಕಾಯಿಲೆಗೆ ಮದ್ದು.
ದರ್ಜಿ, ಸೂರ್ಯ, ಧರ್ಮ ಸಾಲಿನ ಅಂಚಿಗೆ ಬಂದಾಗ
ರ ಅಲ್ಲೇ ಒಂಟಿಯಾಗಿ ಉಳಿದು
ಮಿಕ್ಕಿದ್ದು ಕೆಳಗೆ ಜಾರುತ್ತಿತ್ತು.
ಬಾಯಲ್ಲಿ ಮೊದಲು ಬರುತ್ತದೆ ಅದು,
ಬರೆಯುವಾಗ ಹೋಗಿ ಕೊನೆಯಲ್ಲಿ ಕೂರಬೇಕು.

ಆರು ದಿನ ಕಾದೆ.
ಏಳನೆಯ ದಿನ ಚೇಳೂರಿನ ಬೈರಾರೆಡ್ಡಿ
(ಮನೆಯಲ್ಲಿ ತೆಲುಗು, ಡಿಪ್ಲೊಮಾ ಎರಡನೇ ವರ್ಷ,
ಮೊದಲ ತಿದ್ದುಪಡಿಯನ್ನು ನಾನು ನಾಲ್ಕು ಸಲ ಹಿಂದಕ್ಕೆ ಕಳಿಸಿದ್ದ ಹುಡುಗ)
ಬರೆದಿದ್ದ:
"ಷಮೀಮಕ್ಕ, ಚೆನ್ನಾಗಿದೆ. ಪರೀಕ್ಷೆ ಎಲ್ಲಿ?
ನಿಯಮ ಎಂಟು ನೋಡಿ. ಅದನ್ನೂ ಸೇರಿಸಿ ಕಳಿಸಿ,
ನಾನು ಇಲ್ಲೇ ಇರುತ್ತೇನೆ."

ನಿಯಮ ಎಂಟೂ ನನ್ನ ಕೈಬರಹವೇ.
ಭಾಯಿಯ ಒಂದು ಚೀಟಿ ಮಗುಚಿ, ಹಿಂಬದಿಯಲ್ಲಿ
ಪರೀಕ್ಷೆಗೆ ಪದಗಳನ್ನು ಬರೆಯತೊಡಗಿದೆ:
ಮಾರ್ಕೆಟ್ಟು. ಷರ್ಬತ್ತು. ಕರ್ಚೀಫು.
ವರ್ಷ.
ಅರ್ಜಿ.