ಗೋಡೆಗೆ ಹೇಳಿದ್ದು

ಮೂರು ಬೆಳಗು ಸಾಲಾಗಿ ಓಮ್ನಿ ಕೆಮ್ಮಲೂ ಇಲ್ಲ.
ಚಾವಿ ತಿರುವಿದರೆ ಟಿಕ್ ಅಂತ ಒಂದು ಸದ್ದು,
ಹಲ್ಲಿ ಲೊಚಗುಟ್ಟಿದ ಹಾಗೆ.
ಬ್ಯಾಟರಿ ಅಂಗಡಿಯವನು, ಹೊಸದೇ ಹಾಕ್ಸು ಗಾದಿಲಿಂಗ ಎಂದ.
ಬಂಡಿಹಟ್ಟಿಯ ಹುಡುಗರು ತಳ್ಳಿದರು, ಚಾ ಕುಡಿದರು,
ನಾಳೆ ಎಷ್ಟು ಗಂಟೆಗೆ ಬರಲಿ ಎಂದು ಕೇಳಿದರು.

ಕಟಿಂಗಿನಿಂದ ಹೊಲಿಗೆಗೆ, ಹೊಲಿಗೆಯಿಂದ ವಾಷಿಂಗಿಗೆ
ದಿನವಿಡೀ ಪ್ಯಾಂಟಿನ ಗಂಟು.
ಹಿಂದಿನ ಗಾಜಿಗೆ ಜೀನ್ಸಿನದೇ ಗೋಡೆ.
ಬೆನ್ನ ಹಿಂದೆ ಏನು ಹೊತ್ತಿದೆ, ಏನು ಆರಿದೆ,
ನನಗೆ ಗೊತ್ತಾಗುವುದು ಬೈಗುಳದಿಂದ ಮಾತ್ರ.
ಕೌಲ್ ಬಜಾರಿನಲ್ಲಿ ಅದಿರಿನ ಲಾರಿಯವನೊಬ್ಬ ಇಳಿದೇ ಬಂದ:
"ನಿಲ್ಲಂಗಿದ್ರೆ ನಿಲ್ಲು, ಹೋಗಂಗಿದ್ರೆ ಹೋಗು,
ಎರಡೂ ಮಾಡಬ್ಯಾಡ."

ಎರ್ರಿಸ್ವಾಮಿ ಮೀಟರು ಮುಟ್ಟಲಿಲ್ಲ.
ಜಡೇಶನನ್ನು ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂರಿಸಿದ.
"ಏನೈತಿ?"
"ಕೆಂಪೈತಿ."
"ತುಳಿದೀನಿ, ಈಗ?"
"ಕೆಂಪೈತಿ."
"ಬಿಟ್ಟೀನಿ?"
"ಆವಾಗಿಂದ ಹೇಳಾಕತ್ತೀನಲ್ಲ ಮಾವ, ಕೆಂಪೈತಿ."

ಫ್ಯೂಸು ಕಿತ್ತ, ಆರಿತು. ಹಾಕಿದ, ಹತ್ತಿತು.
ಅಂಗಾತ ಮಲಗಿ ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ
ಪೆಡಲಿನ ಮೇಲಿದ್ದ ಸ್ವಿಚ್ಚಿನ ಸಾಕೆಟ್ಟು ಬಿಡಿಸಿದ.
"ಹೋತು!"
ವೈರು ಪಾಸು.
ಮತ್ತೆ ಸಿಕ್ಕಿಸಿ, ಸ್ವಿಚ್ಚಿನ ಮೂತಿಯ ಕಡ್ಡಿಯನ್ನು ಬೆರಳಲ್ಲಿ ಅದುಮಿದ.
"ಹೋತು!"
ಬಿಟ್ಟ.
"ಬಂತು!"
ಅದೂ ಪಾಸು.

ಎಲ್ಲ ಪಾಸಾದರೆ ಕೆಟ್ಟಿದ್ದು ಯಾವುದು, ಕೇಳಿದೆ.
ಅವನು ಮ್ಯಾಟಿನಿಂದ ಚಿಟಿಕೆ ಹಳದಿ ಪುಡಿ ಎತ್ತಿ
ಭಂಡಾರ ಕೊಟ್ಟ ಹಾಗೆ ನನ್ನ ಅಂಗೈಗೆ ಹಾಕಿದ.

ಪೆಡಲಿನ ತೋಳಲ್ಲೊಂದು ತೂತು.
ಅಲ್ಲೊಂದು ಪ್ಲಾಸ್ಟಿಕ್ ಬಿರಡೆ ಇತ್ತಂತೆ,
ಬಳ್ಳಾರಿಯ ಹದಿನೆಂಟು ಬೇಸಿಗೆ ಉಂಡು ಉದುರಿದೆ.
ಕಾಲು ಎತ್ತಿದಾಗೆಲ್ಲ ಅದು ಹೋಗಿ ಸ್ವಿಚ್ಚನ್ನು ಅದುಮಬೇಕು.
ಅದುಮಿದರೆ ಕತ್ತಲು,
ತುಳಿದರೆ ಅದುಮಿದ್ದು ಬಿಟ್ಟು ಬೆಳಕು.
ಇಷ್ಟು ವರ್ಷ ನಾನು ತಿರುಗಾಮುರುಗಾ ತಿಳಿದಿದ್ದೆ.
ಈಗ ಕಡ್ಡಿ ತೂತಿನೊಳಗೆ ತೂರಿ ಹಾಯಾಗಿ ಕಾಲು ಚಾಚಿತ್ತು.
ರಾತ್ರಿಯಿಡೀ ಗಾಡಿ
ನಿಲ್ಲುತ್ತಿದ್ದೇನೆ, ನಿಲ್ಲುತ್ತಿದ್ದೇನೆ ಎಂದು
ಮನೆ ಹಿಂದಿನ ಗೋಡೆಗೆ ಹೇಳುತ್ತಿತ್ತು.

"ಆ ಬಿರಡೆ ಸಿಗಲ್ಲ. ಪೂರ್ತಿ ಪೆಡಲೇ ತಗೋ ಅಂತಾರ."
ಅಂದವನು ಗಂಟುಗಳ ಕಡೆ ನೋಡಿದ,
ಸೀಟಿನ ಸಂದಿಯಲ್ಲಿ ಕೈ ಆಡಿಸಿದ.
ಸಿಕ್ಕಿದ್ದು ಜೀನ್ಸಿನ ಒಂದು ಗುಂಡಿ,
ಮೇಲೆ ಅಮೆರಿಕದ ಹೆಸರು, ಒಂದಕ್ಷರ ತಪ್ಪಾಗಿ.
ತೂತಿಗೆ ಇಟ್ಟ. ಹಿಂದಿನಿಂದ ಅದರದೇ ಮೊಳೆ.
ಇಕ್ಕಟ್ಟಿನಲ್ಲೇ ಎರಡು ಏಟು.

"ಏನೈತಿ?"
"ಏನಿಲ್ಲ ಮಾವ."
"ಈಗ?"
"ಬಂತು!"

ಐವತ್ತು ಕೊಟ್ಟೆ.
ಗುಂಡಿ ನಿಂದು, ನಲವತ್ತು ಸಾಕು ಎಂದು ಹತ್ತು ವಾಪಸು ಕೊಟ್ಟ.

ರಾತ್ರಿ ಎರಡಕ್ಕೆ ಎಚ್ಚರವಾಗಿ ಹೊರಗೆ ಬಂದೆ.
ಗೋಡೆ ಗೋಡೆಯ ಬಣ್ಣದಲ್ಲೇ ಇತ್ತು.